ಮೂರು ಬಿಳಿ ಗೆರೆ

ರೇವಣಪ್ಪನ ಎಡ ಹೆಗಲಿನ ಮೇಲೆ ಒಂದು ತಗ್ಗು ಇತ್ತು. ಇಪ್ಪತ್ತೆರಡು ವರ್ಷ ಅದೇ ಹೆಗಲಿನ ಮೇಲೆ ಸುತ್ತಿಗೆ, ಪಾನಾ, ಕೆಂಪು ಬಾವುಟ, ಕ್ಲಿಪ್ಪಿನ ಚೀಲ ಹೊತ್ತು ಬಿದ್ದ ತಗ್ಗು. ಬೆಳಿಗ್ಗೆ ಆರಕ್ಕೆ ಹಳಿ ಹಿಡಿದು ಹೊರಟರೆ ಏಳು ಕಿಲೋಮೀಟರ್ ಹೋಗಬೇಕು, ಮತ್ತೆ ಏಳು ಕಿಲೋಮೀಟರ್ ಬರಬೇಕು. ಜಲ್ಲಿಯ ಮೇಲೆ ನಡೆದು ನಡೆದು ಅವನ ಹಿಮ್ಮಡಿ ಬಿರಿದಿತ್ತು. ಇಲಾಖೆ ಕೊಟ್ಟ ಬೂಟು ಎರಡು ತಿಂಗಳಿಗೆ ಬಾಯಿ ಬಿಡುತ್ತಿತ್ತು. ಆಮೇಲೆ ಅವನು ಹಳೆ ಟಯರಿನ ಚಪ್ಪಲಿಯಲ್ಲೇ ನಡೆಯುತ್ತಿದ್ದ. ಏಪ್ರಿಲ್ ತಿಂಗಳಲ್ಲಿ ಹಳಿ ಮುಟ್ಟಿದರೆ ಅಂಗೈ ಸುಡುತ್ತದೆ. ಆದರೂ ಮುಟ್ಟಬೇಕು. ಸಡಿಲಾದ ಕ್ಲಿಪ್ಪು ಕಣ್ಣಿಗೆ ಕಾಣುವುದಿಲ್ಲ, ಸುತ್ತಿಗೆಯ ಸದ್ದಿಗೆ ಸಿಗುತ್ತದೆ.

ಊರಿನವರು ಅವನನ್ನು ಚಾವಿವಾಲಾ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಹಳಿಯ ಕ್ಲಿಪ್ಪೇ ಚಾವಿ. ಹಳಿಯನ್ನು ಅದರ ಅಡಿಯ ಸಿಮೆಂಟಿನ ತೊಲೆಗೆ, ಅಂದರೆ ಸ್ಲೀಪರಿಗೆ, ಕಚ್ಚಿ ಹಿಡಿಯುವ ಬಾಗಿದ ಉಕ್ಕಿನ ಸರಳೇ ಈ ಕ್ಲಿಪ್ಪು. ಒಂದು ಸ್ಲೀಪರಿಗೆ ನಾಲ್ಕು. ಒಂದು ಹೋದರೆ ಏನೂ ಆಗುವುದಿಲ್ಲ. ತಿರುವಿನಲ್ಲಿ ಸಾಲಾಗಿ ಹತ್ತು ಹೋದರೆ ಹಳಿ ಹೊರಗೆ ಹೊರಳುತ್ತದೆ, ಗಾಡಿ ಹೊಲಕ್ಕೆ ಇಳಿಯುತ್ತದೆ.

ನಮ್ಮ ಬೋರವಾಡಿ ಸಣ್ಣ ಸ್ಟೇಷನ್ನು. ನಾಸಿಕ ಜಿಲ್ಲೆಯ ಮನಮಾಡ ಬಿಟ್ಟು ಔರಂಗಾಬಾದಿನ ಕಡೆ ಬರುವ ಒಂಟಿ ಹಳಿಯ ಮೇಲಿದೆ. ಹಳಿಯ ದುರಸ್ತಿ ನೋಡಿಕೊಳ್ಳುವ ಸೆಕ್ಷನ್ ಆಫೀಸು ಸ್ಟೇಷನ್ನಿನ ಪಕ್ಕದಲ್ಲೇ ಇತ್ತು. ನಾನು ಅಲ್ಲಿ ಗುಮಾಸ್ತೆ. ಊರು ಕಲಬುರಗಿ. ಬಿ.ಎ. ಮುಗಿಸಿ ಪರೀಕ್ಷೆ ಬರೆದು ಸೇರಿದವಳು. ಆ ಆಫೀಸಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ರೇವಣಪ್ಪ ಒಬ್ಬನೇ. ಅವನು ಬೀದರ ಜಿಲ್ಲೆಯ ಭಾಲ್ಕಿ ಕಡೆಯವನು.

ಅವನಿಗೊಂದು ಪದ್ಧತಿ ಇತ್ತು. ಬೆಳಿಗ್ಗೆ ಲಿಂಗಪೂಜೆ ಮಾಡಿ, ಹಣೆಗೆ ವಿಭೂತಿ ಎಳೆದುಕೊಂಡು ಬರುತ್ತಿದ್ದ. ತಾನು ಹೊಸದಾಗಿ ಕೂರಿಸಿದ ಪ್ರತಿ ಕ್ಲಿಪ್ಪಿನ ಒಳಬಾಗಿಗೂ ಮೂರು ಅಡ್ಡಗೆರೆ ಎಳೆಯುತ್ತಿದ್ದ. ಕಿಲೋಮೀಟರ್ ಕಲ್ಲಿಗೆ ಬಳಿಯುವ ಬಿಳಿ ಎಣ್ಣೆಬಣ್ಣದಲ್ಲಿ, ಒಂದು ಸಣ್ಣ ಕಡ್ಡಿಯಿಂದ. ಯಾರೂ ಹೇಳಿದ್ದಲ್ಲ. ಮಾಡಿದ ಕೆಲಸಕ್ಕೆ ಗುರುತಿರಲಿ ಎಂದು.

ಹಳಿ ರಿಪೇರಿ ಮಾಡುವ ಗ್ಯಾಂಗಿನ ಮುಕಾದಮ್, ಅಂದರೆ ಮೇಸ್ತ್ರಿ, ಹರಿದಾಸ ಮರಾಠಿಯವನು. ರೇವಣಪ್ಪನ ಜೊತೆ ಇದ್ದು ಹರಕುಮುರುಕು ಕನ್ನಡ ಕಲಿತಿದ್ದ. "ಕಾಯ್ ರೇವಣಪ್ಪಾ, ರೇಲಿಗೂ ಲಿಂಗ ಕಟ್ಟಿದಿ ಏನು?" ಎಂದು ರೇಗಿಸುತ್ತಿದ್ದ.

"ಲಿಂಗ ಕಟ್ಟಿದ್ರ ಮತ್ತ ಬಿಚ್ಚಲಿಕ್ಕಿ ಬರಂಗಿಲ್ಲ ಹರಿದಾಸ. ಅದಕ್ಕ ಖಾಲಿ ವಿಭೂತಿ ಹಚ್ಚೀನಿ."

ಆ ವಿಭೂತಿಯೇ ಅವನ ಕೈಗೆ ಬೇಡಿ ಹಾಕಿಸಿತು.

ಅದು ಎರಡು ಸಾವಿರದ ಒಂಬತ್ತು. ಹೋಳಿ ಕಳೆದು ವಾರವಾಗಿತ್ತು. ರೇವಣಪ್ಪ ನಡುಮಧ್ಯಾಹ್ನ ಆಫೀಸಿಗೆ ಬಂದ. ಅಂಗೈ ಎರಡೂ ಕರ್ರಗೆ. ಕೈಯಲ್ಲಿ ಒಂದು ಕ್ಲಿಪ್ಪು, ಚಿಂದಿ ಬಟ್ಟೆಯಲ್ಲಿ ಸುತ್ತಿದ್ದು. ನೆಟ್ಟಗೆ ಸೆಕ್ಷನ್ ಸಾಹೇಬರ ಮೇಜಿನ ಮುಂದೆ ನಿಂತ. ನನ್ನ ಮೇಜು ಅದರ ಪಕ್ಕಕ್ಕೇ.

"ಸಾಹೇಬ್, ಹೊಸಾ ಮಾಲ್ ಅಂತ ಕೊಟ್ಟಾರಲ್ಲ, ಇದು ಹೊಸಾದು ಅಲ್ಲ" ಎಂದು ಹಿಂದಿಯಲ್ಲಿ ಹೇಳಿದ. "ಕರೀ ಬಣ್ಣ ಕೈಗೆ ಹತ್ತಿತು. ಘಾಸಲೇಟಿನಿಂದ ಒರೆಸಿದೆ. ಒಳಗೆ ನೋಡಿ. ನನ್ನ ಗೆರೆ. ಇದನ್ನು ಹೋದ ವರ್ಷ ನಾನೇ ದೊಡ್ಡ ತಿರುವಿಗೆ ಹಾಕಿದ್ದೆ. ಅಲ್ಲಿಂದ ಕಳುವಾಯಿತು ಅಂತ ನಾನೇ ನಿಮಗೆ ವರದಿ ಕೊಟ್ಟಿದ್ದೆ."

ನಾನು ನೋಡಿದೆ. ಸೀಮೆಎಣ್ಣೆಗೆ ಅಗ್ಗದ ಡಾಂಬರಿನ ಕಪ್ಪು ಹೋಗಿತ್ತು. ಅಡಿಯಲ್ಲಿ ಮೂರು ಬಿಳಿ ಗೆರೆ ಹಾಗೇ ಇದ್ದವು.

ಮಾಲು ಪೂರೈಸುವ ಕಾಂಟ್ರ್ಯಾಕ್ಟರು ಯಶವಂತ ಶೇಟ್. ವಾಳೂಜಿನಲ್ಲಿ ಅವನ ದೊಡ್ಡ ಶೆಡ್ಡಿತ್ತು. ಚೀಲದ ಮೇಲೆ ಸಿನ್ನರಿನ ಕಾರ್ಖಾನೆಯೊಂದರ ಚೀಟಿ ಇರುತ್ತಿತ್ತು. ಅಂಥ ಕಾರ್ಖಾನೆಯೇ ಅಲ್ಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಹಳಿಗೆ ಜಲ್ಲಿ ಹಾಕುವ ಗುತ್ತಿಗೆಯೂ ಅವನದೇ. ಅವನ ಆಳುಗಳು ಕಿತ್ತಳೆ ಜಾಕೀಟು ಹಾಕಿಕೊಂಡು ಹಗಲು ಹೊತ್ತಿನಲ್ಲೇ ಹಳಿಯ ಮೇಲೆ ಬಗ್ಗಿರುತ್ತಿದ್ದರು. ಕಿತ್ತಳೆ ಜಾಕೀಟು ಹಾಕಿದವನನ್ನು ಏನು ಮಾಡುತ್ತಿ ಎಂದು ಯಾರೂ ಕೇಳುವುದಿಲ್ಲ. ಕಿತ್ತ ಕ್ಲಿಪ್ಪು ವಾಳೂಜಿಗೆ ಹೋಗಿ, ಕಪ್ಪು ಡ್ರಮ್ಮಿನಲ್ಲಿ ಮುಳುಗಿ, ಹೊಸ ಚೀಲದಲ್ಲಿ ತಿರುಗಿ ಬರುತ್ತಿತ್ತು. ರೈಲ್ವೆ ತನ್ನ ಕಬ್ಬಿಣವನ್ನೇ ಮತ್ತೆ ಮತ್ತೆ ಕೊಳ್ಳುತ್ತಿತ್ತು. ಕದ್ದವರು ಅದನ್ನು ತೂಗಿದರು, ನೋಡಲಿಲ್ಲ.

ಸಾಹೇಬರು ಕ್ಲಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. "ಶಾಬಾಸ್. ಇಲ್ಲೇ ಇಟ್ಟು ಹೋಗು. ನಾನು ವಿಚಾರಿಸ್ತೀನಿ" ಎಂದರು.

ಆ ಕ್ಲಿಪ್ಪು ಎರಡು ದಿನ ನನ್ನ ಮೇಜಿನ ಮೇಲಿತ್ತು. ಫ್ಯಾನಿನ ಗಾಳಿಗೆ ಕಾಗದ ಹಾರದಿರಲೆಂದು ನಾನೇ ಭಾರಕ್ಕೆ ಇಟ್ಟುಕೊಂಡಿದ್ದೆ. ಸ್ಟಾಂಪ್ ಪ್ಯಾಡಿನ ನೇರಳೆ ಮಸಿ ಅದರ ಒಂದು ತುದಿಗೆ ಮೆತ್ತಿಕೊಂಡಿತು. ಮೂರನೆಯ ದಿನ ಸಾಹೇಬರು ಅದನ್ನು ತೆಗೆದುಕೊಂಡು ಹೋದರು.

ಹದಿನೈದು ದಿನದ ಮೇಲೆ ದೊಡ್ಡ ತಿರುವಿನಲ್ಲಿ ಸಾಲಾಗಿ ಹನ್ನೊಂದು ಕ್ಲಿಪ್ಪು ಮಾಯವಾಗಿದ್ದವು. ರೇವಣಪ್ಪ ಕಂಡಾಗ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಹತ್ತು ನಿಮಿಷವೂ ಇರಲಿಲ್ಲ. ಬಾವುಟ ಹಿಡಿದು ಗಾಡಿಯ ಎದುರಿಗೆ ಓಡಿದ. ಒಂದು ಚಪ್ಪಲಿ ಹಳಿಯ ಮೇಲೇ ಉಳಿಯಿತು. ಗಾಡಿ ನಿಂತಾಗ ಇಂಜಿನ್ನಿಗೂ ತಿರುವಿಗೂ ನಡುವೆ ನಾಲ್ಕು ಕಂಬಗಳ ಅಂತರ ಉಳಿದಿತ್ತು.

ಆ ಗಾಡಿಯಲ್ಲಿ ಔರಂಗಾಬಾದಿನ ಕಾಲೇಜಿಗೆ ಹೋಗುವ ಹುಡುಗಿಯರಿದ್ದರು. ಆಸ್ಪತ್ರೆಗೆ ಹೊರಟ ಮುದುಕರಿದ್ದರು. ಯಾರೋ ಇಳಿದು ರೇವಣಪ್ಪನ ಕೈಗೆ ಬಿಸ್ಕೀಟಿನ ಪೊಟ್ಟಣ ಕೊಟ್ಟರಂತೆ.

ಗಾಡಿ ನಿಂತರೆ ಮೇಲಿನವರಿಗೆ ಉತ್ತರ ಕೊಡಬೇಕು. ಕ್ಲಿಪ್ಪು ಎಲ್ಲಿ ಹೋದವು? ಯಾರು ಕದ್ದರು? ಮರುದಿನ ಸಾಹೇಬರು ನನ್ನನ್ನು ಕರೆದರು. ಯಶವಂತ ಶೇಟ್ ಎದುರು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ಮೇಡಂ, ಈ ಮೂರು ಗೆರೆ ಯಾರ ಗುರುತು? ನಿಮಗೆ ಗೊತ್ತಿರಬೇಕಲ್ಲ."

"ರೇವಣಪ್ಪನದು ಸರ್" ಎಂದೆ.

"ಹಾಗಂತ ಒಂದು ಕಾಗದ ಬರೆದು ಸಹಿ ಮಾಡಿ. ಸ್ಟೋರಿನ ದಾಖಲೆಗೆ."

ನಾನು ಪುಕ್ಕಲು ಸ್ವಭಾವದವಳು. ಸಹಿ ಹಾಕುವ ಮೊದಲು ಮೂರು ಸಲ ಓದುತ್ತೇನೆ. ಅಂದೂ ಓದಿದೆ. ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಸಹಿ ಹಾಕಿದೆ.

ನಾಲ್ಕನೆಯ ದಿನ ರೈಲ್ವೆ ಪೊಲೀಸರು ರೇವಣಪ್ಪನನ್ನು ಹಳಿಯ ಮೇಲಿಂದಲೇ ಕರೆದೊಯ್ದರು. ಗುಜರಿ ಅಂಗಡಿಯಲ್ಲಿ ಸಿಕ್ಕಿತೆಂದು ಒಂದು ಚೀಲ ಮಾಲು ತೋರಿಸಿದ್ದರು. ಎಲ್ಲದರ ಮೇಲೂ ಮೂರು ಗೆರೆ. ಅವನ ಗುರುತು, ಅವನೇ ಕಳ್ಳ. ಜಪ್ತಿ ಮಾಡಿದ ಮಾಲನ್ನು ಆಫೀಸಿನ ಜಗುಲಿಯ ಮೇಲೆ ಹರಡಿದಾಗ ನಾನು ಒಂದೊಂದನ್ನೂ ಕಣ್ಣಿನಿಂದ ಹುಡುಕಿದೆ. ಒಂದರ ತುದಿಯಲ್ಲಿ ನೇರಳೆ ಮಸಿ ಇತ್ತು.

ನಾನು ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ.

ಮೂರು ವಾರದ ಮೇಲೆ ಜಾಮೀನು ಸಿಕ್ಕಿತು. ನೌಕರಿಯಿಂದ ಅಮಾನತು. ಔರಂಗಾಬಾದಿನ ಕೋರ್ಟಿನಲ್ಲಿ ಕೇಸು. ತಪ್ಪು ಸಾಬೀತಾದರೆ ನೌಕರಿಯೂ ಇಲ್ಲ, ಪೆನ್ಶನ್ನೂ ಇಲ್ಲ, ಮತ್ತೆ ಜೈಲು. ಅವನು ಮನೆಯ ಹೊರಗೆ ಬರುವುದನ್ನೇ ಬಿಟ್ಟ. ಅವನ ಹೆಂಡತಿ ಪ್ರೇಮಾಬಾಯಿ ಬೆಳಗಿನ ಗಾಡಿ ಹತ್ತಿ ಲಾಸಲಗಾಂವಿನ ಮಾರ್ಕೆಟ್ಟಿಗೆ ಉಳ್ಳಾಗಡ್ಡಿ ಆರಿಸಲು ಹೋಗತೊಡಗಿದಳು. ಸಂಜೆ ಇಳಿದಾಗ ಅವಳ ಸೆರಗಿನಿಂದ ಉಳ್ಳಾಗಡ್ಡಿಯ ಸಿಪ್ಪೆ ಉದುರುತ್ತಿತ್ತು. ನಾನು ಆ ಹೊತ್ತಿಗೆ ಪ್ಲಾಟ್‌ಫಾರ್ಮಿನ ಕಡೆ ನೋಡುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಮೇಲಿನಿಂದ ಆದೇಶ ಬಂತು. ರೈಲ್ವೆಯ ಕಬ್ಬಿಣ ಕಳುವಾಗದಂತೆ ಜನಜಾಗೃತಿ ಮಾಡಬೇಕು. ಪ್ರತಿ ಸೆಕ್ಷನ್ನಿನಲ್ಲಿ ಒಂದು ಸಭೆ, ಒಂದು ಪೋಸ್ಟರು. ಸಾಹೇಬರು ಪೋಸ್ಟರಿಗೆ ನನ್ನಿಂದ ಸಾಲು ಬರೆಸಿದರು. ನಾನು ಹಿಂದಿಯಲ್ಲಿ ಮನಸ್ಸಿಟ್ಟು ಬರೆದೆ: "ಹಳಿಯ ಕಬ್ಬಿಣ ಕದಿಯುವವನು ಜೀವ ಕದಿಯುತ್ತಾನೆ. ಈ ಮುಖ ನೆನಪಿರಲಿ." ಕೆಳಗೆ ಕೈಯಲ್ಲಿ ಬಿಡಿಸಿದ ಯಾವನೋ ಕಳ್ಳನ ಚಿತ್ರ ಇರುತ್ತದೆ ಎಂದು ಸಾಹೇಬರು ಹೇಳಿದ್ದರು.

ಪೋಸ್ಟರು ಛಾಪಾಗಿ ಬಂತು. ಅದರಲ್ಲಿ ರೇವಣಪ್ಪನ ಫೋಟೋ ಇತ್ತು. ನೌಕರಿಯ ಗುರುತಿನ ಚೀಟಿಯದು. ಹಣೆಯ ಮೇಲೆ ವಿಭೂತಿ ಕೂಡ ಇತ್ತು.

ಮರುದಿನ ಪ್ರೇಮಾಬಾಯಿ ಆಫೀಸಿಗೆ ಬಂದಳು. ಸಾಹೇಬರು ಟ್ರಾಲಿಯ ಮೇಲೆ ಲೈನಿಗೆ ಹೋಗಿದ್ದರು. ಅವಳು ಕೂರಲಿಲ್ಲ.

"ಅಂಬುಜಾಬಾಯಿ, ಆ ಕಾಗದದ ಮ್ಯಾಲ ಏನು ಬರದದ? ಓದಿ ಹೇಳ್ರಿ."

ನಾನು ಓದಿದೆ.

"ಛಲೋ ಬರದಾರ. ಯಾರು ಬರದಿದ್ದು?"

"ನಾನೇ."

ಅವಳು ನನ್ನನ್ನು ನೋಡುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ. ಸಹಿ ಮಾಡಿದ ಕಾಗದದ ವಿಷಯ ಹೇಳಿದೆ. ಭಾರಕ್ಕೆ ಇಟ್ಟುಕೊಂಡ ಕ್ಲಿಪ್ಪಿನ ವಿಷಯ, ನೇರಳೆ ಮಸಿಯ ವಿಷಯ, ಎಲ್ಲ ಹೇಳಿದೆ. ಅವಳು ಅಳುತ್ತಾಳೆ ಅಥವಾ ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡೆ.

"ಆರು ತಿಂಗಳಾತು" ಎಂದಳು. "ಆರು ತಿಂಗಳ್ದಾಗ ನಿಮ್ಮ ಬಾಯಿಗೆ ಏನು ಹೊಲಿಗಿ ಹಾಕಿದ್ರು?"

"ಹೆದರಿಕೆ ಆಯಿತು."

"ನಮಗ ಹೆದರಿಕಿ ಆಗಂಗಿಲ್ಲೇನು? ನಮ್ಮವರು ಗಾಡಿ ಎದುರಿಗಿ ಓಡ್ಯಾರ ರೀ. ಗಾಡಿ ಎದುರಿಗಿ! ನೀವು ಖುರ್ಚಿ ಮ್ಯಾಲಿಂದ ಏಳ್ಲಿಲ್ಲ."

ಈಗಲೇ ಹೋಗಿ ಪೊಲೀಸರಿಗೆ ಹೇಳುತ್ತೇನೆ ಎಂದು ಎದ್ದೆ.

"ಈಗ ನೀವು ಹೋಗಿ ಹೇಳಿದ್ರ ಯಾರು ಕೇಳ್ತಾರ? ಸಾಹೇಬ ಸುಳ್ಳಂತಾನ, ನಿಮ್ಮನ್ನೂ ಒಳಗ ಹಾಕಸ್ತಾನ. ಹಂಗ ಬ್ಯಾಡ." ಅವಳು ಧ್ವನಿ ತಗ್ಗಿಸಿದಳು. "ಆ ಚೀಲಗೋಳು ಇನ್ನೂ ಬರ್ಲಾಕತ್ತಾವಲ್ಲ? ಯಶವಂತನ ಚೀಲ?"

"ಹೋದ ವಾರವೂ ಬಂದಿವೆ. ಕಳ್ಳ ಸಿಕ್ಕ ಅಂತ ಈಗ ಯಾರೂ ಒರೆಸಿ ನೋಡುವುದಿಲ್ಲ, ಅವರಿಗೂ ಅದೇ ಧೈರ್ಯ. ಸೀಲು ಒಡೆದಿಲ್ಲ. ಒಂದನ್ನು ಸಭೆಯಲ್ಲಿ ಇಡುತ್ತಾರೆ. ದೊಡ್ಡ ಸಾಹೇಬರಿಗೆ ಹೊಸ ಮಾಲು ತೋರಿಸಲು."

"ಹೌದಾ?" ಆರು ತಿಂಗಳಲ್ಲಿ ಮೊದಲ ಸಲ ಅವಳ ಮುಖದ ಮೇಲೆ ನಗೆ ಕಂಡೆ. ಅದು ಒಳ್ಳೆಯ ನಗೆ ಆಗಿರಲಿಲ್ಲ. "ಹಂಗಾದ್ರ ನನಗ ಆ ಸಭಾದಾಗ ಅರ್ಧಾ ತಾಸು ಕೊಡಸ್ರಿ. ಮತ್ತೇನೂ ಬ್ಯಾಡ."

ಕಾರ್ಯಕ್ರಮದ ಪಟ್ಟಿ ಬರೆಯುವುದು ನನ್ನ ಕೆಲಸ. ಸ್ವಾಗತ, ಭಾಷಣ, ಪ್ರತಿಜ್ಞೆ. ನಡುವೆ ಒಂದು ಸಾಲು ಸೇರಿಸಿದೆ: "ಹಳಿ ನೌಕರರ ಕುಟುಂಬದ ಮಹಿಳೆಯಿಂದ ಪ್ರಾತ್ಯಕ್ಷಿಕೆ." ಹೆಸರು ಬರೆಯಲಿಲ್ಲ. ಸಾಹೇಬರು ಓದಿ ಖುಷಿಪಟ್ಟರು. "ಮಹಿಳೆಯರೂ ಭಾಗವಹಿಸ್ತಾರೆ. ದೊಡ್ಡ ಸಾಹೇಬರಿಗೆ ಹಿಡಿಸುತ್ತೆ. ಬಹಳ ಯೋಚನೆ ಮಾಡ್ತೀರಿ ಮೇಡಂ."

ಹೌದು, ಬಹಳ ಯೋಚನೆ ಮಾಡಿದ್ದೆ.

ಸಭೆ ನವೆಂಬರಿನ ಒಂದು ಬೆಳಿಗ್ಗೆ ಹನ್ನೊಂದಕ್ಕೆ, ಪ್ಲಾಟ್‌ಫಾರ್ಮಿನ ಮೇಲೆ. ಶಾಮಿಯಾನದ ಖರ್ಚು ಯಶವಂತ ಶೇಟನದು. ಬ್ಯಾನರಿನ ಮೂಲೆಯಲ್ಲಿ ಅವನ ಹೆಸರೂ ಇತ್ತು. ಸುತ್ತಲಿನ ನಾಲ್ಕು ಹಳ್ಳಿಯ ಜನ ಬಂದಿದ್ದರು. ಶಾಲೆಯ ಮಕ್ಕಳು ಬಂದಿದ್ದರು. ಹರಿದಾಸನ ಗ್ಯಾಂಗಿನ ಹನ್ನೆರಡು ಜನ ಕಿತ್ತಳೆ ಜಾಕೀಟಿನಲ್ಲಿ ಹಿಂದೆ ನಿಂತಿದ್ದರು. ರೇವಣಪ್ಪನ ಪೋಸ್ಟರು ಟಿಕೇಟು ಕಿಟಕಿಯ ಪಕ್ಕದ ಗೋಡೆಗೆ ಅಂಟಿತ್ತು.

ಮೇಜಿನ ಮೇಲೆ ಗೋಣಿಚೀಲ. ವಿಭಾಗದಿಂದ ಬಂದ ದೊಡ್ಡ ಸಾಹೇಬರು ಅದರ ಸೀಸದ ಸೀಲನ್ನು ತಮ್ಮ ಕೈಯಿಂದಲೇ ಕತ್ತರಿಸಿದರು. ನಮ್ಮ ಸಾಹೇಬರು ಒಂದು ಕ್ಲಿಪ್ಪು ಎತ್ತಿ ಹಿಡಿದರು. "ನೋಡಿ, ಕಾರ್ಖಾನೆಯಿಂದ ನೇರವಾಗಿ ಬಂದದ್ದು. ಇಂಥದ್ದನ್ನೇ ಆ ಕಳ್ಳ ಮಾರಿಕೊಂಡ." ಕೈ ಪೋಸ್ಟರಿನ ಕಡೆ ತೋರಿಸಿದರು.

ಮೈಕು ನನ್ನ ಕೈಯಲ್ಲಿತ್ತು. "ಈಗ ಪ್ರಾತ್ಯಕ್ಷಿಕೆ" ಎಂದೆ.

ಪ್ರೇಮಾಬಾಯಿ ಹಳ್ಳಿಯ ಹೆಂಗಸರ ನಡುವಿನಿಂದ ಎದ್ದು ಬಂದಳು. ಕಂಕುಳಲ್ಲಿ ಒಂದು ಸ್ಟೀಲಿನ ಡಬ್ಬಿ. ನಮ್ಮ ಸಾಹೇಬರು ಅವಳ ಗುರುತು ಹಿಡಿದು ಅರ್ಧ ಎದ್ದರು. ಪಕ್ಕದಲ್ಲಿ ದೊಡ್ಡ ಸಾಹೇಬರು ಚಪ್ಪಾಳೆ ತಟ್ಟುತ್ತಿದ್ದರು. ಕುಳಿತರು.

ಅವಳು ಮರಾಠಿಯಲ್ಲಿ ಮಾತಾಡಿದಳು. ಹೆಂಗಸರ ಕಡೆ ತಿರುಗಿ, ನೀರಿನ ನಲ್ಲಿಯ ಹತ್ತಿರ ಮಾತಾಡುವ ಹಾಗೆ. "ಅಕ್ಕಂದಿರಾ, ಇದು ನಿಮ್ಮ ಜಡೆಯ ಪಿನ್ನು ಇದ್ದ ಹಾಗೆ. ಒಂದು ಬಿದ್ದರೆ ಜಡೆ ನಿಲ್ಲುತ್ತದೆ. ಎಲ್ಲ ಕಿತ್ತರೆ ಜಡೆ ಬಿಚ್ಚುತ್ತದೆ. ಜಡೆ ಬಿಚ್ಚಿದರೆ ಮತ್ತೆ ಹೆಣೆಯಬಹುದು. ಗಾಡಿ ಬಿಚ್ಚಿದರೆ ನಿಮ್ಮ ಮಗಳು ಕಾಲೇಜಿನಿಂದ ಮನೆಗೆ ಬರುವುದಿಲ್ಲ. ಅದಕ್ಕೆ ಹಳಿಯ ಮೇಲೆ ಯಾರೇ ಬಗ್ಗಿದ್ದರೂ ಹೆಸರು ಕೇಳಿ. ಜಾಕೀಟು ಹಾಕಿದ್ದರೂ ಕೇಳಿ. ಚಲೋ ಬೂಟು ಹಾಕಿದ್ದರಂತೂ ಎರಡು ಸಲ ಕೇಳಿ. ನಮ್ಮ ಮನೆಯ ಗಂಡಸರಿಗೆ ಚಲೋ ಬೂಟು ಎಲ್ಲಿಯದು?"

ಹೆಂಗಸರು ನಕ್ಕರು. ಗ್ಯಾಂಗಿನವರೂ ನಕ್ಕರು. ದೊಡ್ಡ ಸಾಹೇಬರೂ ನಕ್ಕರು.

"ಇನ್ನು ಹೊಸ ಮಾಲು ಯಾವುದು, ಕದ್ದ ಮಾಲು ಯಾವುದು, ತಿಳಿಯುವುದು ಹೇಗೆ? ತೋರಿಸ್ತೀನಿ." ಡಬ್ಬಿಯ ಮುಚ್ಚಳ ತೆಗೆದಳು. ಘಾಸಲೇಟಿನ ವಾಸನೆ ಬಂತು. ಚಿಂದಿ ಅದ್ದಿ ಚೀಲದಿಂದ ಒಂದು ಕ್ಲಿಪ್ಪು ತೆಗೆದು ಉಜ್ಜಿದಳು. ಕಪ್ಪು ಇಳಿಯಿತು. ಒಳಗೆ ಬರೀ ತುಕ್ಕು. ಗೆರೆ ಇರಲಿಲ್ಲ.

ಎರಡನೆಯದು. ಅದೂ ಬರೀ ತುಕ್ಕು.

ಯಶವಂತ ಶೇಟ್ ಎದ್ದು ನಿಂತ. "ಸಾಬ್, ಟೈಮ್ ಹೋ ರಹಾ ಹೈ. ಚಾಯ್ ಠಂಡೀ ಹೋ ಜಾಯೇಗೀ."

"ಕೂಡ್ರೋ ಶೇಟ್" ಎಂದು ಪ್ರೇಮಾಬಾಯಿ ಕನ್ನಡದಲ್ಲೇ ಅಂದಳು, ತಲೆ ಎತ್ತದೆ. ಮೂರನೆಯದನ್ನು ಉಜ್ಜಿದಳು. ಒಂದು ಗೆರೆ ಕಂಡಿತು. ಇನ್ನೊಂದು. ಮತ್ತೊಂದು. ಅವಳು ಅದನ್ನು ತನ್ನ ಸೆರಗಿನಿಂದ ಒರೆಸಿ ದೊಡ್ಡ ಸಾಹೇಬರ ಮುಂದೆ ಇಟ್ಟಳು.

"ಸಾಹೇಬ್, ಸೀಲು ನೀವೇ ಒಡೆದಿರಿ. ಒಳಗೆ ನನ್ನ ಗಂಡನ ವಿಭೂತಿ ಹೇಗೆ ಬಂತು? ಅವರು ಏಳು ತಿಂಗಳಿಂದ ಹಳಿಗೆ ಕಾಲಿಟ್ಟಿಲ್ಲ."

ಹರಿದಾಸ ಮುಂದೆ ಬಂದ. ಯಾರನ್ನೂ ಕೇಳಲಿಲ್ಲ. ಚೀಲ ಎತ್ತಿ ಮೇಜಿನ ಮೇಲೆ ಬುಡಮೇಲು ಸುರಿದ. ಹೆಂಗಸರು ಎದ್ದು ಬಂದರು. ಒಬ್ಬೊಬ್ಬರೂ ಒಂದೊಂದು ಕ್ಲಿಪ್ಪು ಎತ್ತಿಕೊಂಡು, ಡಬ್ಬಿಯಲ್ಲಿ ಸೆರಗಿನ ಚುಂಗು ಅದ್ದಿ ಉಜ್ಜತೊಡಗಿದರು. "ಇದರಲ್ಲಿ ಅದೆ!" "ಇಲ್ಲೂ!" "ನನ್ನದರಲ್ಲೂ ಮೂರು!"

ದೊಡ್ಡ ಸಾಹೇಬರ ನಗು ಹೋಗಿತ್ತು. ಕ್ಲಿಪ್ಪು ಕೈಯಲ್ಲಿ ಹಿಡಿದು ಸುತ್ತ ನೋಡಿದರು. "ಈ ಗುರುತಿನ ವಿಷಯ ಯಾರಿಗೆ ಗೊತ್ತು?"

ಅದೇ ಪ್ರಶ್ನೆ. ಈ ಸಲ ಮೈಕು ನನ್ನ ಕೈಯಲ್ಲಿತ್ತು.

"ನನಗೆ ಗೊತ್ತು ಸರ್. ಇದು ಚಾವಿವಾಲಾ ರೇವಣಪ್ಪನ ಗುರುತು. ಹಿಂದೆ ನಾನು ಇಷ್ಟೇ ಬರೆದುಕೊಟ್ಟಿದ್ದೆ. ಉಳಿದದ್ದು ಈಗ ಹೇಳುತ್ತೇನೆ. ಕದ್ದ ಮಾಲು ಹೊಸ ಚೀಲದಲ್ಲಿ ಬರುತ್ತಿದೆ ಎಂದು ಮೊದಲು ಹೇಳಿದವನು ಅವನೇ. ಹೋಳಿಯ ಮರುವಾರ, ಈ ಆಫೀಸಿನಲ್ಲಿ, ಈ ಸಾಹೇಬರಿಗೆ."

"ಮೇಡಂ, ಬಸ್!" ನಮ್ಮ ಸಾಹೇಬರು ಕೂಗಿದರು. "ಮೈಕ್ ಬಂದ್ ಮಾಡಿ!"

ಯಶವಂತನ ಆಳು ತಂತಿಯ ಕಡೆ ಓಡಿದ. ಹರಿದಾಸ ಅಲ್ಲಿ ಆಗಲೇ ನಿಂತಿದ್ದ. ಭುಜದ ಮೇಲೆ ಸುತ್ತಿಗೆ. "ತಾರ್‌ಲಾ ಹಾತ್ ಲಾವೂ ನಕೋ" ಎಂದ ಮೆಲ್ಲಗೆ, ತಂತಿಗೆ ಕೈ ಹಚ್ಚಬೇಡ ಎಂದು. ಅವನ ಹಿಂದೆ ಗ್ಯಾಂಗಿನ ಹನ್ನೊಂದು ಜನ ಬಂದು ನಿಂತರು. ಆಳು ಹಿಂದೆ ಸರಿದ.

ನಾನು ಹೇಳುತ್ತ ಹೋದೆ. ನನ್ನ ಮೇಜು, ಎರಡು ದಿನ, ನೇರಳೆ ಮಸಿ. ಪೊಲೀಸರ ವಶದಲ್ಲಿರುವ ಮಾಲಿನಲ್ಲಿ ಆ ಮಸಿಯ ಕ್ಲಿಪ್ಪನ್ನು ಹುಡುಕಿ, ನಮ್ಮ ಆಫೀಸಿನ ಸ್ಟಾಂಪ್ ಪ್ಯಾಡಿನ ಜೊತೆ ಹೋಲಿಸಿ ಎಂದೆ. ಆಫೀಸಿನ ಮೇಜಿನ ಮೇಲಿದ್ದ ಕಬ್ಬಿಣ ಗುಜರಿ ಅಂಗಡಿಗೆ ಹೇಗೆ ನಡೆದು ಹೋಯಿತು ಎಂದು ಕೇಳಿ ಎಂದೆ. ನನ್ನ ಧ್ವನಿ ಮೈಕಿನ ಭೋಂಗಾದಿಂದ ಹೊರಟು ಜೋಳದ ಹೊಲದ ಮೇಲೆ ಹೋಗಿ ತಿರುಗಿ ನನಗೇ ಕೇಳಿಸುತ್ತಿತ್ತು.

ಯಶವಂತ ಶೇಟ್ ಕಾರಿನ ಕಡೆ ನಡೆದ. ಹೆಂಗಸರು ಅಡ್ಡ ನಿಂತರು. ಯಾರೂ ಅವನನ್ನು ಹೊಡೆಯಲಿಲ್ಲ. ಆದರೆ ಪ್ರೇಮಾಬಾಯಿ ಅವನ ಹತ್ತಿರ ಹೋಗಿ, ಡಾಂಬರಿನ ಮಸಿಯಾದ ಎರಡೂ ಅಂಗೈಗಳನ್ನು ಅವನ ಬಿಳಿ ಅಂಗಿಯ ಎದೆಗೆ ಒತ್ತಿದಳು. ಒತ್ತಿ, ಕೆಳಕ್ಕೆ ಎಳೆದಳು.

"ನಿನ್ನ ಮಾಲು" ಎಂದಳು. "ತಗೊಂಡು ಹೋಗು."

ಇಷ್ಟಕ್ಕೇ ನ್ಯಾಯ ಸಿಕ್ಕಿತೆಂದು ಯಾರೂ ತಿಳಿಯಬಾರದು. ವಿಚಾರಣೆ ಶುರುವಾಯಿತು. ನಮ್ಮ ಸಾಹೇಬರಿಗೆ ನಾಸಿಕದ ಆಫೀಸಿಗೆ ವರ್ಗವಾಯಿತು. ಅಲ್ಲಿ ಅವರಿಗೆ ಕುರ್ಚಿ ಇದೆ, ಫ್ಯಾನೂ ಇದೆ. ಯಶವಂತ ಶೇಟನ ಹೆಸರು ಕಪ್ಪುಪಟ್ಟಿಗೆ ಹೋಯಿತು. ಮುಂದಿನ ಟೆಂಡರು ಅವನ ಭಾವಮೈದುನನ ಹೆಸರಿಗೆ ಆಯಿತು. ರೇವಣಪ್ಪನ ಕೇಸು ಇನ್ನೂ ನಡೆಯುತ್ತಿದೆ. ತಾರೀಖಿನ ದಿನ ಅವನು ಇಸ್ತ್ರಿ ಅಂಗಿ ತೊಟ್ಟು ಔರಂಗಾಬಾದಿಗೆ ಹೋಗುತ್ತಾನೆ. ನಾನು ಎರಡು ಸಲ ಸಾಕ್ಷಿ ಹೇಳಿ ಬಂದಿದ್ದೇನೆ. ಅನುಮತಿಯಿಲ್ಲದೆ ಸಭೆಯಲ್ಲಿ ಮಾತಾಡಿದ್ದಕ್ಕೆ ನನಗೂ ಒಂದು ಮೆಮೊ ಬಂತು. ಮೂರು ಸಲ ಓದಿ, ಡ್ರಾಯರಿನಲ್ಲಿ ಇಟ್ಟೆ.

ಆದರೆ ಈಗ ಬೋರವಾಡಿಗೆ ಬರುವ ಪ್ರತಿ ಚೀಲವೂ ಪ್ಲಾಟ್‌ಫಾರ್ಮಿನ ಮೇಲೇ ಬಿಚ್ಚುತ್ತದೆ. ಗಾಡಿಗೆ ಕಾದ ಜನರೆದುರು ಹರಿದಾಸ ಘಾಸಲೇಟಿನಿಂದ ಒರೆಸಿ ನೋಡುತ್ತಾನೆ. ಗ್ಯಾಂಗಿನ ಹನ್ನೆರಡೂ ಜನ ತಾವು ಹಾಕುವ ಕ್ಲಿಪ್ಪಿಗೆ ಮೂರು ಬಿಳಿ ಗೆರೆ ಎಳೆಯುತ್ತಾರೆ. ಅವರಲ್ಲಿ ಮರಾಠರಿದ್ದಾರೆ, ಬೌದ್ಧರಿದ್ದಾರೆ, ಇಬ್ಬರು ಮುಸಲ್ಮಾನರಿದ್ದಾರೆ. "ಹಾಕಲಿ, ಎಲ್ಲರಿಗೂ ಬೇಡಿ ಹಾಕಲಿ. ಗಾಡಿ ಯಾರು ಓಡಿಸ್ತಾರೆ ನೋಡೋಣ" ಎನ್ನುತ್ತಾನೆ ಹರಿದಾಸ.

ಹೊಸದಾಗಿ ಬಂದ ಸಾಹೇಬರು ಗೋಡೆಯ ಪೋಸ್ಟರು ಕಿತ್ತು ಹಾಕಿಸಲು ಹೊರಟರು. ರೇವಣಪ್ಪನ ಮರ್ಯಾದೆಯ ಪ್ರಶ್ನೆ ಎಂದರು. ಪ್ರೇಮಾಬಾಯಿ ಬಂದು ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ. ಇರ್ಲಿ. ಹಚ್ಚುವಾಗ ನಮ್ಮನ್ನ ಕೇಳಿ ಹಚ್ಚೀರೇನು? ಬಾಜೂಕ ಜಾಗಾ ಖಾಲಿ ಅದ. ಖರೇ ಕಳ್ಳರ ಫೋಟೋ ಅಲ್ಲಿ ಬರ್ಲಿ, ಅವತ್ತ ಇದನ್ನ ನಾನೇ ಹರೀತೀನಿ."

ರೇವಣಪ್ಪನ ಹಳೆ ಬಣ್ಣದ ಡಬ್ಬಿ, ಅದೇ ಸಣ್ಣ ಕಡ್ಡಿ ತಂದಿದ್ದಳು. ಪೋಸ್ಟರಿನ ಪಕ್ಕದಲ್ಲಿ ಗೋಡೆಯ ಮೇಲೆ ಎರಡು ಚೌಕ ಬರೆದಳು. ಗಂಡನ ಫೋಟೋದ ಅಳತೆಗೆ ಸರಿಯಾಗಿ. ಒಳಗೆ ಏನೂ ಇಲ್ಲ, ಬರೀ ಗೋಡೆ. ಆಮೇಲೆ ಕಡ್ಡಿಯನ್ನು ನನ್ನ ಕೈಗೆ ಕೊಟ್ಟಳು.

"ನನಗ ಬರೀಲಿಕ್ಕಿ ಬರಂಗಿಲ್ಲ. ನಿಮಗ ಬರ್ತದ."

ನಾನು ಎರಡೂ ಚೌಕದ ಕೆಳಗೆ ಬರೆದೆ.

ಈ ಮುಖ ನೆನಪಿರಲಿ.